ಮುರಿಯುವ ಪಿನ್ನು

ಕಲಬುರಗಿಯ ನೆಹರೂ ಗಂಜ್. ಬೇಳೆ ಮಿಲ್ಲಿನ ಮೇಲೆ ನಮ್ಮ ಆಫೀಸು.
ಹತ್ತಕ್ಕೆ ಕೆಳಗೆ ಯಂತ್ರ ಶುರುವಾದರೆ
ಮೇಜಿನ ಚಹಾ ಉಂಗುರ ಉಂಗುರವಾಗಿ ನಡುಗುತ್ತದೆ,
ಕೀಬೋರ್ಡಿನ ಸಂದಿಯಲ್ಲಿ ತೊಗರಿ ಹೊಟ್ಟು.
ಒರೆಸಿ ಕೂರುತ್ತೇನೆ. ಅದೂ ಮತ್ತೆ ಬಂದು ಕೂರುತ್ತದೆ.

ನನ್ನ ಕೆಲಸ ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ:
ಒಂದು ಅಪ್ಪಣೆಗೆ ನೂರು ಸರ್ವರ್ ಎದ್ದು ನಿಲ್ಲಬೇಕು,
ಯಾರ ನೆಲದ ಮೇಲೆ ಎಂದು ಅಪ್ಪಣೆ ಕೇಳಬಾರದು.
ಮುಂಬೈಯ ಬಾಡಿಗೆ ಕ್ಲೌಡೋ,
ಸ್ಟೇಷನ್ ರೋಡಿನ ಬ್ಯಾಂಕಿನ ನೆಲಮಾಳಿಗೆಯಲ್ಲಿ
ಏಸಿ ಕೆಟ್ಟು ಟೇಬಲ್ ಫ್ಯಾನಿನ ಗಾಳಿ ಕುಡಿಯುವ ಹಳೆಯ ಪೆಟ್ಟಿಗೆಯೋ,
ಹಿಂದೆ ಯಾರಾದರೂ ಇರಲಿ,
ಮುಂದಿನ ಬಾಗಿಲು ಒಂದೇ ಅಳತೆಯದು.

ಆ ಬಾಗಿಲಿಗೆ ಮೊದಲು ಹದಿನೇಳು ಕ್ರಿಯಾಪದ ಬರೆದೆ.
ಬರೆಯುವಾಗ ಜಾಣತನ ಅನಿಸಿತ್ತು.
ಬ್ಯಾಂಕಿನ ಪೆಟ್ಟಿಗೆ ಬಂದಾಗ ಗೊತ್ತಾಯಿತು
ನಾನು ಮಾಡಿದ್ದು ಬಾಗಿಲಲ್ಲ,
ಕ್ಲೌಡಿನ ಮೈಗೆ ಹೊಲಿದ ಅಂಗಿ.
ಇದಕ್ಕೋ, ತೋಳೇ ಇಲ್ಲ.
ಭೀಮಾಶಂಕರ ಖಾಲಿ ತೋಳುಗಳನ್ನು ಮಡಚಿ ಹೊಲಿದ:
‘ಸದ್ಯ ಎಲ್ಲಾದಕ್ಕೂ ಆಯ್ತು ಅಂದುಬಿಡ್ಲಿ ಅಕ್ಕಾ, ಯಾರ್ ನೋಡ್ತಾರ?’

ಒಂದೊಂದೇ ಹೊಡೆದು ಹಾಕಿದೆ. ನಾಲ್ಕು ಉಳಿದವು.
ಹುಟ್ಟಿಸು. ನೋಡು. ಬದಲಿಸು. ಅಳಿಸು.
ದೇವರಿಗೂ ಇಷ್ಟೇ ಸಾಕಾಗಿರಬೇಕು ಅಂದುಕೊಂಡು
ಮಿರ್ಚಿ ಭಜಿ ತರಿಸಿದೆ.

ಅಷ್ಟರಲ್ಲಿ ಕರೆಂಟು ಹೋಯಿತು.
ಯುಪಿಎಸ್ಸಿನ ಕಿರುಚಾಟಕ್ಕೆ ಬೇಸತ್ತು ಕೆಳಗಿಳಿದರೆ
ಲಾಡ್ಲೆಸಾಬ ಮೋಟಾರಿನ ಕೊರಳಿಂದ ಪಟ್ಟಾ ಬಿಚ್ಚಿ
ಡೀಸೆಲ್ ಇಂಜಿನ್ನಿನ ಕೊರಳಿಗೆ ಹಾಕುತ್ತಿದ್ದ,
ಎತ್ತು ಬದಲಿಸಿದಷ್ಟು ಸಲೀಸು.
ಧಡ್. ಧಡ್ ಧಡ್. ರೋಲರಿನ ಕಲ್ಲು ಮತ್ತೆ ತಿರುಗಿತು.
ಇದೇ, ನಾನು ಮೂರು ತಿಂಗಳಿಂದ ಬರೆಯುತ್ತಿರುವುದು ಇದೇ!
‘ಯಾರ್ ತಿರುಗಿಸ್ತಾರ ಅನ್ನೂದು ಕಲ್ಲಿಗೆ ಗೊತ್ತಾಗಂಗಿಲ್ಲ, ಹೌದಿಲ್ಲೋ ಚಾಚಾ?’

ಆತ ಒಂದು ಹಿಡಿ ಬೇಳೆ ಅಂಗೈಯಲ್ಲಿ ಹರವಿದ.
‘ಕಲ್ಲಿಗ್ ಗೊತ್ತಾಗಂಗಿಲ್ಲ ಬೇಟಿ. ಬ್ಯಾಳಿಗ್ ಗೊತ್ತಾಗ್ತದ.
ಡೀಸೆಲ್ ಜಗ್ಗಿ ಜಗ್ಗಿ ಎಳೀತದ. ನೋಡ್, ನುಚ್ಚು ಎಷ್ಟದ.’

ಬೀಡಿಕಟ್ಟಿನ ಜೊತೆ ಜೇಬಿನಿಂದ ಒಂದು ಹಿತ್ತಾಳೆ ಪಿನ್ನು ಹೊರಬಂತು,
ಕಿರುಬೆರಳಿನಷ್ಟು ಉದ್ದ.
‘ಶಾಫ್ಟಿಗೂ ಪುಲ್ಲಿಗೂ ನಡುವ ಇದು ಇರ್ತದ.
ಹಳ್ಳು ಸಿಕ್ತಂದ್ರ, ಭಾರ ಹೆಚ್ಚಾತಂದ್ರ, ಮೊದಲ ಇದು ಮುರೀಬೇಕು.
ಮುರಿಯೂದೇ ಇದರ ಕೆಲಸ.
ಮಲ್ಕಣ್ಣ ಸಾಹುಕಾರ್ರು ಒಂದ್ ಸಲ ಉಕ್ಕಿಂದು ಹಾಕಂದ್ರು. ಹಾಕ್ದೆ.
ಪಿನ್ನು ಮುರೀಲಿಲ್ಲ.’
ಅಷ್ಟೇ ಹೇಳಿದ.
ಆತನ ಎಡಗೈಯ ನಡುಬೆರಳು ಅರ್ಧ ಇತ್ತು.

ಕರೆಂಟು ಬಂದ ಮೇಲೆ
ನಾಲ್ಕು ಪದಗಳ ಕೆಳಗೆ ಐದನೆಯ ಸಾಲು ಬರೆದೆ.
ಅದು ಕ್ರಿಯಾಪದವಲ್ಲ, ಹಿಂದಿನಿಂದ ಬರಬಹುದಾದ ಒಂದು ಉತ್ತರ:
ನನ್ನಿಂದ ಆಗುವುದಿಲ್ಲ, ಯಾಕೆಂದರೆ
ಆ ಯಾಕೆಂದರೆಯ ಮುಂದೆ ಖಾಲಿ ಬಿಡುವಂತಿಲ್ಲ.
ಭೀಮಾಶಂಕರ ಓದಿ ತಲೆ ಕೆರೆದುಕೊಂಡ.
‘ಗಿರಾಕಿಗೆ ಏನ್ ಹೇಳೂದು ಅಕ್ಕಾ?’
‘ನುಚ್ಚು ಬರ್ತದ ಅಂತ ಹೇಳು.’
ಅವನು ಹೊಲಿಗೆ ಬಿಚ್ಚತೊಡಗಿದ, ಗೊಣಗುತ್ತಲೇ.

ರಾತ್ರಿ ಒಂಬತ್ತು. ಕೆಳಗೆ ಮಿಲ್ಲು ನಿಂತಿತ್ತು,
ಲೋಟದಲ್ಲಿ ಚಹಾ ಅಲುಗಲಿಲ್ಲ.
ಇಷ್ಟು ದಿನ ಆಯ್ತು, ಆಯ್ತು, ಆಯ್ತು ಅನ್ನುತ್ತಿದ್ದ ಬ್ಯಾಂಕಿನ ಪೆಟ್ಟಿಗೆ
ಮೊದಲ ಸಲ ಬಾಯಿ ಬಿಟ್ಟಿತು:
ಆಗುವುದಿಲ್ಲ, ಯಾಕೆಂದರೆ ಮೈ ಸುಡುತ್ತಿದೆ.
ಸ್ಕೂಟಿ ಹತ್ತಿ ಹೋಗಿ ನೋಡಿದೆವು.
ಯಾರೋ ಟೇಬಲ್ ಫ್ಯಾನ್ ಒಯ್ದಿದ್ದರು.